14 ತಿಂಗಳಲ್ಲಿ ಎರಡು ಸಲ ಹೆಡ್ ಗ್ಯಾಸ್ಕೆಟ್ ಬದಲಾಯಿಸಿದರೂ ಎಂಜಿನ್ ಮತ್ತೆ ಕಾಯುತ್ತಿದೆ: ಮೂರನೇ ಬಿಲ್ಲನ್ನೂ ಕಟ್ಟಬೇಕೇ?

ನಿಧಾನಸವಾರ:

ನನ್ನದು ಏಳು ವರ್ಷದ ಪೆಟ್ರೋಲ್ ಕಾರು. ಓಡಿರುವುದು 92,000 ಕಿ.ಮೀ. 14 ತಿಂಗಳ ಹಿಂದೆ ಉದ್ದನೆಯ ಏರುರಸ್ತೆಯೊಂದರಲ್ಲಿ ಉಷ್ಣಾಂಶದ ಮುಳ್ಳು ಇದ್ದಕ್ಕಿದ್ದಂತೆ ಕೆಂಪು ಗೆರೆಯತ್ತ ಏರಿತು. ಬದಿಗೆ ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ) ಸುಟ್ಟಿದೆ ಎಂದು ವರ್ಕ್‌ಶಾಪಿನವರು ಹೇಳಿದರು, ಬದಲಾಯಿಸಿದರು, ನಾನು ಹಣ ಕಟ್ಟಿದೆ. ಎಂಟು ತಿಂಗಳು ಕಳೆದ ಮೇಲೆ ಮತ್ತೆ ಅದೇ ಕಥೆ, ಅದೇ ಗ್ಯಾಸ್ಕೆಟ್, ಇನ್ನೊಂದು ಬಿಲ್ಲು. ಮೊದಲ ದುರಸ್ತಿಗೆ ಕೊಟ್ಟಿದ್ದ ಆರು ತಿಂಗಳ ಖಾತರಿ ಅಷ್ಟರಲ್ಲಿ ಮುಗಿದುಹೋಗಿತ್ತು. ಈಗ ಮೂರನೇ ಸಲ ಎಂಜಿನ್ ತಣಿಸುವ ಕೂಲೆಂಟ್ ದ್ರವ ಇಳಿಯತೊಡಗಿದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ, ಆದರೂ ಹತ್ತು ದಿನಕ್ಕೊಮ್ಮೆ ತುಂಬಿಸಬೇಕಾಗಿದೆ.

ಈ ಸಲ ಅವರು "ಎಂಜಿನ್ನನ್ನೇ ಬದಲಾಯಿಸಿಬಿಡಿ" ಎನ್ನುತ್ತಿದ್ದಾರೆ. ಹಿಂದಿನ ಎರಡು ಬಿಲ್ಲುಗಳನ್ನು ಕೂಡಿಸಿದರೇ ಕಾರಿನ ಇಂದಿನ ಬೆಲೆಯ ಅರ್ಧಕ್ಕೆ ಹತ್ತಿರವಾಗುತ್ತದೆ. ಇದರ ಮೇಲೆ ಎಂಜಿನ್ನನ್ನೂ ಹಾಕಿಸಿದರೆ ನಾನು ನನ್ನದೇ ಕಾರನ್ನು ಎರಡನೇ ಸಲ ಕೊಂಡಂತಾಗುತ್ತದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಿ.

ಕೆಂಪುದೀಪ:

ಬೇಸರ ಮಾಡಿಕೊಳ್ಳಬೇಡಿ, ಆದರೆ ಮುಳ್ಳು ಕೆಂಪಿಗೆ ಹೋದ ಮೇಲೂ ನೀವು ಎಷ್ಟು ದೂರ ಓಡಿಸಿದಿರಿ ಎಂಬುದನ್ನು ಬರೆದೇ ಇಲ್ಲ. ಇಂಥ ದೂರುಗಳಲ್ಲಿ ಹತ್ತಕ್ಕೆ ಎಂಟು ಚಾಲಕರ ಕೈಯಲ್ಲೇ ಹುಟ್ಟಿರುತ್ತವೆ, ಬೈಗುಳ ಮಾತ್ರ ಮೆಕ್ಯಾನಿಕ್‌ಗೆ ಬೀಳುತ್ತದೆ.

ನಿಧಾನಸವಾರ:

ಮೊದಲ ಸಲ ಜಾಗ ಸಿಗುವವರೆಗೆ ಅರ್ಧ ಕಿಲೋಮೀಟರಿನಷ್ಟು ಓಡಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಎರಡನೇ ಸಲ ಮುಳ್ಳು ಅಲುಗಿದ ಕ್ಷಣವೇ ನಿಲ್ಲಿಸಿದ್ದೇನೆ. ಹತ್ತಕ್ಕೆ ಎಂಟು ಎಂಬ ಲೆಕ್ಕ ನಿಮಗೆ ಎಲ್ಲಿ ಸಿಕ್ಕಿತೋ ನಾನರಿಯೆ.

ಹಳೇಸ್ಪ್ಯಾನರ್:

ನಾನು ಮೂವತ್ತು ವರ್ಷ ಈ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ನನ್ನ ಮಟ್ಟಿಗೆ ಹೆಡ್ ಗ್ಯಾಸ್ಕೆಟ್ ಎಂಬುದು ರೋಗವಲ್ಲ, ಅದು ಜ್ವರ. ಸರಿಯಾಗಿ ಕೂಡಿಸಿದ ಗ್ಯಾಸ್ಕೆಟ್ ಎಂಟು ತಿಂಗಳಲ್ಲಿ ತಾನಾಗಿ ಸಾಯುವುದಿಲ್ಲ. ಒಂದೋ ಅದನ್ನು ಕೂಡಿಸಿದ ಮೇಲ್ಮೈ ಸಮತಟ್ಟಾಗಿರಲಿಲ್ಲ, ಇಲ್ಲವೇ ಮೊದಲ ಸಲ ಎಂಜಿನ್ ಕಾಯ್ದದ್ದು ಯಾವ ಕಾರಣದಿಂದಲೋ ಆ ಕಾರಣ ಇನ್ನೂ ಎಂಜಿನ್ ಒಳಗೇ ಕುಳಿತಿದೆ. ಎರಡೂ ಒಟ್ಟಿಗೆ ಇದ್ದರೂ ನನಗೆ ಆಶ್ಚರ್ಯವಿಲ್ಲ.

ಅಲ್ಯೂಮಿನಿಯಂ ಹೆಡ್ಡು ಏಕೆ ಬಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಬಿಸಿಗೆ ಸುಮಾರು 23 ಮೈಕ್ರೋಮೀಟರ್ ಹಿಗ್ಗುತ್ತದೆ, ಎರಕದ ಕಬ್ಬಿಣ ಸುಮಾರು 11 ಮಾತ್ರ. ಕೆಳಗಿನ ಬ್ಲಾಕ್ ಕಬ್ಬಿಣದ್ದಾಗಿದ್ದು ಮೇಲಿನ ಹೆಡ್ಡು ಅಲ್ಯೂಮಿನಿಯಂನದ್ದಾಗಿದ್ದರೆ, ಎರಡನ್ನೂ ಬೋಲ್ಟ್‌ಗಳು ಬಿಗಿಹಿಡಿದಿರುವಾಗ ವಿಪರೀತ ಕಾಯ್ದ ಹೆಡ್ಡು ಹಿಗ್ಗಲು ಜಾಗವಿಲ್ಲದೆ ನಡುವಿನಲ್ಲಿ ಬಾಗುತ್ತದೆ, ಆರಿದ ಮೇಲೂ ಮೊದಲಿನ ಆಕಾರಕ್ಕೆ ಪೂರ್ತಿ ಮರಳುವುದಿಲ್ಲ. ಅನೇಕ ಎಂಜಿನ್‌ಗಳ ಸರ್ವಿಸ್ ಕೈಪಿಡಿಗಳು ಸಹಿಸುವ ಬಾಗು 0.05 ಮಿ.ಮೀ. ಆಸುಪಾಸಿನದು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕಣ್ಣಿಗೆ ಕಾಣುವುದೇ ಇಲ್ಲ. ಉಕ್ಕಿನ ನೇರಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ನಿಗದಿತ ದಪ್ಪದ ತೆಳು ಲೋಹದ ಎಲೆಗಳು) ತೂರಿಸಿ ಅಳೆಯಬೇಕು. ನಿಮ್ಮ ಎರಡೂ ಬಿಲ್ಲುಗಳಲ್ಲಿ ಹೆಡ್ ಅಳೆದ, ಅದನ್ನು ಸಮತಟ್ಟಾಗುವಂತೆ ಅರೆಸಿದ ಸಾಲುಗಳಿವೆಯೇ?

ಲೆಕ್ಕಪತ್ರ:

ನಾನೂ ಇದನ್ನೇ ಕೇಳಬೇಕೆಂದಿದ್ದೆ. ಒಟ್ಟು ಮೊತ್ತ ಬೇಡ, ಬಿಲ್ಲಿನ ಸಾಲುಗಳನ್ನು ಇದ್ದದ್ದು ಇದ್ದಂತೆಯೇ ಬರೆಯಿರಿ.

ನಿಧಾನಸವಾರ:

ಎರಡನ್ನೂ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ ಹೆಡ್ ಗ್ಯಾಸ್ಕೆಟ್ ಒಂದು, ವಾಲ್ವ್ ಕವರ್ ಗ್ಯಾಸ್ಕೆಟ್ ಒಂದು, ಕೂಲೆಂಟ್, ಎಂಜಿನ್ ಆಯಿಲ್, ಫಿಲ್ಟರ್, ಕೂಲಿ. ಎರಡನೆಯದರಲ್ಲಿ ಇವಿಷ್ಟರ ಜೊತೆಗೆ ಒಂದು ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟಿನ ದಾರಿ ತೆರೆಯುವ ಬಿರಡೆ). ಅಳತೆ, ಅರೆಸುವಿಕೆ, ಬೋಲ್ಟ್ ಎಂಬ ಪದಗಳು ಎಲ್ಲೂ ಇಲ್ಲ.

ಹಳೇಸ್ಪ್ಯಾನರ್:

ಹಾಗಾದರೆ ಹಳೆಯ ಬೋಲ್ಟ್‌ಗಳನ್ನೇ ಮತ್ತೆ ಬಿಗಿದಿರುವ ಸಾಧ್ಯತೆ ಹೆಚ್ಚು. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್‌ಗಳು ಬಿಗಿಯುವಾಗಲೇ ಸ್ವಲ್ಪ ಹಿಗ್ಗಿ ಕೂರುವಂಥವು: ಮೊದಲು ನಿಗದಿತ ಟಾರ್ಕ್ (ತಿರುಚುವ ಬಲ), ಆಮೇಲೆ 90 ಡಿಗ್ರಿಯಂತೆ ಕೋನದ ಲೆಕ್ಕದಲ್ಲಿ ತಿರುವು. ಒಮ್ಮೆ ಹಿಗ್ಗಿದ ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ, ಅದಕ್ಕೇ ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕೆಂದು ತಯಾರಕರು ಬರೆಯುತ್ತಾರೆ. ನಿಮಗೆ ಎರಡು ಸಲವೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾರೆ.

ವರ್ಕ್‌ಶಾಪಿನವನು:

ನಾನು ಎದುರು ಪಕ್ಷದಲ್ಲಿ ಕೆಲಸ ಮಾಡುವವನು, ಆದ್ದರಿಂದ ಒಂದು ಮಾತು ಹೇಳಲೇಬೇಕು. ಹೆಡ್ ಅರೆಸಬೇಕು, ಬೋಲ್ಟ್ ಸೆಟ್ ಬೇಕು, ಕೂಲೆಂಟನ್ನು ಓಡಾಡಿಸುವ ವಾಟರ್ ಪಂಪ್ ಕೈಗೆಟಕುವಂತೆ ಬಿಚ್ಚಿಕೊಂಡಿರುವಾಗಲೇ ಅದನ್ನೂ ಬದಲಿಸಿಬಿಡೋಣ ಎಂದು ಅಂದಾಜುಪಟ್ಟಿ ಕೊಟ್ಟರೆ, ಗ್ರಾಹಕರು ಅದನ್ನು ಪಕ್ಕದ ಅಂಗಡಿಯವನ ಪಟ್ಟಿಯ ಜೊತೆ ಹೋಲಿಸಿ "ನೀವು ಸುಲಿಗೆ ಮಾಡುತ್ತೀರಿ" ಎನ್ನುತ್ತಾರೆ. ಗ್ಯಾಸ್ಕೆಟ್ ಮಾತ್ರ ಹಾಕಿಕೊಡಿ ಸಾಕು ಎಂದು ಒತ್ತಾಯಿಸಿದವರೇ ಆರು ತಿಂಗಳ ನಂತರ ಬಂದು ಜಗಳ ತೆಗೆಯುತ್ತಾರೆ. ಇದನ್ನು ನಾನು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ.

ನಿಧಾನಸವಾರ:

ನನಗೆ ಆ ಆಯ್ಕೆಯನ್ನೇ ಯಾರೂ ಕೊಡಲಿಲ್ಲ. ಕೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಇಲ್ಲವೋ, ಆ ಪ್ರಶ್ನೆ ಹುಟ್ಟುವ ಸಂದರ್ಭವೇ ಬರಲಿಲ್ಲ.

ವರ್ಕ್‌ಶಾಪಿನವನು:

ಹಾಗಿದ್ದರೆ ಅದು ಅವರ ತಪ್ಪು, ಒಪ್ಪುತ್ತೇನೆ. ಬೇಡ ಎಂದ ಗ್ರಾಹಕರಿಂದ ನಾವು ಜಾಬ್ ಕಾರ್ಡಿನಲ್ಲೇ ಬರೆಸಿಕೊಂಡು ಸಹಿ ಹಾಕಿಸುತ್ತೇವೆ.

ಮೂರು_ಸಿಲಿಂಡರ್:

ಎಂಜಿನ್ ನಿಂತಲ್ಲೇ ಕಾಯುತ್ತದೆಯೋ ಓಡುವಾಗ ಕಾಯುತ್ತದೆಯೋ ಎಂಬುದು ಮುಖ್ಯ. ದಟ್ಟಣೆಯಲ್ಲಿ ನಿಂತಾಗ ಕಾಯ್ದು, ವೇಗ ಹಿಡಿದ ಕೂಡಲೇ ಇಳಿದರೆ ಅನುಮಾನ ಫ್ಯಾನಿನ ಮೇಲೆ. ನಿಂತಾಗ ಸರಿಯಾಗಿದ್ದು ಏರಿನಲ್ಲಿ, ಹೆಚ್ಚಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಕಾಯ್ದರೆ ಫ್ಯಾನ್ ನಿರಪರಾಧಿ; ಆಗ ಕೂಲೆಂಟ್ ಹರಿಯುತ್ತಿಲ್ಲ ಎಂದರ್ಥ. ಪೆಟ್ರೋಲಿನ ಶಾಖದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಕೂಲೆಂಟಿನ ಮೂಲಕವೇ ಹೊರಹೋಗಬೇಕು, ಆದ್ದರಿಂದ ಎಂಜಿನ್ ಜೋರಾಗಿ ದುಡಿಯುವಾಗ ಹರಿವು ಕಡಿಮೆಯಾದರೆ ನಿಮಿಷಗಳಲ್ಲಿ ಕೆಡುತ್ತದೆ.

ಮುಳ್ಳನ್ನು ಮಾತ್ರ ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಚಾಲಕರು ಗಾಬರಿಯಾಗದಿರಲಿ ಎಂದು ಆ ಮುಳ್ಳನ್ನು ಸುಮಾರು 75 ಡಿಗ್ರಿಯಿಂದ 105ರ ಆಸುಪಾಸಿನವರೆಗೆ ನಟ್ಟನಡುವೆ ನಿಲ್ಲುವಂತೆಯೇ ಹೊಂದಿಸಿರುತ್ತಾರೆ. ಅದು ಅಲುಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಚುಚ್ಚುವ ಸಣ್ಣ ಸ್ಕ್ಯಾನರ್ ತಂದು ನಿಜವಾದ ಅಂಕಿಯನ್ನು ನೋಡಿ.

ಕೆಂಪುದೀಪ:

ಮುಳ್ಳನ್ನೇ ಸುಳ್ಳು ಹೇಳುವಂತೆ ಮಾಡಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮೇಲೆ ಬರೆದ ಮಾತನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತೇನೆ.

ಎಣ್ಣೆಕಡ್ಡಿ:

ಕೂಲೆಂಟ್ ಹೋಯಿತು, ಗ್ಯಾಸ್ಕೆಟ್ ಹೋಯಿತು ಎನ್ನುವವರು ಕನಿಷ್ಠ ಕಾರಣವನ್ನಾದರೂ ಹುಡುಕಬಹುದು. ನನ್ನ ಕಾರು 1,000 ಕಿ.ಮೀ.ಗೆ ಮುಕ್ಕಾಲು ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತದೆ. ದೂರು ಕೊಟ್ಟರೆ ಕೈಪಿಡಿಯ ಪುಟ ತೆರೆದು 1,000 ಕಿ.ಮೀ.ಗೆ ಒಂದು ಲೀಟರ್‌ವರೆಗೆ ಸಾಮಾನ್ಯ ಎಂದು ಬೆರಳಿಟ್ಟು ತೋರಿಸುತ್ತಾರೆ. ನಾಲ್ಕು ಲೀಟರ್ ಹಿಡಿಯುವ ಎಂಜಿನ್ 10,000 ಕಿ.ಮೀ. ಸರ್ವಿಸ್ ಅಂತರದಲ್ಲಿ ಹತ್ತು ಲೀಟರ್ ಕುಡಿದರೂ ಅದು ಸಾಮಾನ್ಯವಂತೆ! ಹಾಗೆಂದು ನಂಬಿ ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ತೆಗೆದು ನೋಡದವನ ಗತಿ ಏನು?

ಹಳೇಸ್ಪ್ಯಾನರ್:

ಎಣ್ಣೆಯಿಲ್ಲದೆ ಎಂಜಿನ್ ಬೇರಿಂಗ್ ಸವೆದುಹೋಗುವುದೇ ಅವನ ಗತಿ. ಎಣ್ಣೆಯ ಕೆಂಪು ದೀಪವನ್ನು ಮಟ್ಟದ ಸೂಚಕವೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಒತ್ತಡ ಬಿದ್ದುಹೋದದ್ದನ್ನು ಹೇಳುವ ದೀಪ. ಅದು ಹೊತ್ತಿಕೊಂಡ ಮೇಲೆ ಬದಿಗೆ ನಿಲ್ಲಿಸಲು ಸಿಗುವುದು ಕೆಲವೇ ಸೆಕೆಂಡು.

ನಿಮ್ಮ ಕಾರು ಎಣ್ಣೆ ಕುಡಿಯುತ್ತಿರುವುದಕ್ಕೆ ಪಿಸ್ಟನ್ನಿನ ಎಣ್ಣೆ ರಿಂಗು ಇಂಗಾಲ ಕಟ್ಟಿ ಅಂಟಿಕೊಂಡಿರಬಹುದು, ವಾಲ್ವಿನ ಸೀಲ್ ಗಟ್ಟಿಯಾಗಿರಬಹುದು. ಕಂಪ್ರೆಷನ್ ಪರೀಕ್ಷೆಯಲ್ಲಿ ಇವೆರಡೂ ಪಾಸಾಗಿಬಿಡುವುದುಂಟು, ಏಕೆಂದರೆ ಮೇಲಿನ ಎರಡು ರಿಂಗುಗಳು ಗಟ್ಟಿಯಾಗಿಯೇ ಇರುತ್ತವೆ. ಬೆಳಗ್ಗೆ ಚಾಲೂ ಮಾಡಿದಾಗ ಮಾತ್ರ ಒಂದು ಉಗುಳು ನೀಲಿ ಹೊಗೆ ಬಂದು ನಿಂತರೆ ಸೀಲ್ ಕಡೆ ನೋಡಿ. ವೇಗ ಹೆಚ್ಚಿಸುವಾಗ ನಿರಂತರ ಬಂದರೆ ರಿಂಗಿನ ಕಡೆ.

ಡೀಸೆಲ್_ಪ್ರಿಯ:

ನನ್ನದು ತದ್ವಿರುದ್ಧ: ಎಣ್ಣೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿತ್ತು. ದಿನಕ್ಕೆ ಮೂರು ಕಿ.ಮೀ. ಹೋಗಿ ಬರುವ ಡೀಸೆಲ್ ಕಾರು. ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಶುದ್ಧಿಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ, ಆ ಕೆಲಸ ಮುಗಿಯುವ ಮೊದಲೇ ನಾನು ಕೀಲಿ ತಿರುಗಿಸಿ ಆರಿಸಿಬಿಡುತ್ತಿದ್ದೆ. ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಣ್ಣೆಗೆ ಸೇರುತ್ತಿತ್ತು. ತೆಳುವಾದ ಎಣ್ಣೆಯಲ್ಲಿ ಟರ್ಬೊ ಎಷ್ಟು ದಿನ ಬಾಳೀತು? ಎರಡನೇ ಟರ್ಬೊ ಹೋದ ಮೇಲೆ ಒಬ್ಬ ಪುಣ್ಯಾತ್ಮ ಕಡ್ಡಿಯನ್ನು ಮೂಸಿ ನೋಡಿ ಹೇಳಿದ. ಮೊದಲ ಟರ್ಬೊ ಹಾಕಿದವರು ಮೂಸಿಯೂ ನೋಡಿರಲಿಲ್ಲ.

ಮೂರು_ಸಿಲಿಂಡರ್:

ಇದೇ ಸಾಲಿಗೆ ಸೇರುವುದು ಎಣ್ಣೆಯಲ್ಲೇ ಮುಳುಗಿ ಓಡುವ ಟೈಮಿಂಗ್ ಬೆಲ್ಟ್. ಬೆಲ್ಟಿನ ರಬ್ಬರ್ ಉದುರಿ ಕೆಳಗಿನ ಎಣ್ಣೆ ತೊಟ್ಟಿಯಲ್ಲಿರುವ ಜರಡಿಗೆ ಕಟ್ಟಿಕೊಳ್ಳುತ್ತದೆ, ಒತ್ತಡ ಬೀಳುತ್ತದೆ. ಆಯಿಲ್ ಪಂಪ್ ಕೆಟ್ಟಿದೆ ಎಂದು ಪಂಪ್ ಬದಲಿಸಿ ಜರಡಿಯನ್ನು ಹಾಗೆಯೇ ಬಿಟ್ಟ ಪ್ರಕರಣವನ್ನು ನಾನೇ ಕಂಡಿದ್ದೇನೆ.

ಗೇರ್_ನಾಲ್ಕು:

ಇದಕ್ಕೆಲ್ಲ ಮೂಲ ಈಗಿನ ಸಣ್ಣ ಎಂಜಿನ್‌ಗಳು. ಹಳೆಯ ಕಾಲದ ಎಂಜಿನ್‌ಗಳು ಹೀಗೆ ಸಾಯುತ್ತಿರಲಿಲ್ಲ.

ಹಳೇಸ್ಪ್ಯಾನರ್:

ಹಳೆಯ ಕಾಲದಲ್ಲಿ ಒಂದು ಲಕ್ಷ ಕಿ.ಮೀ. ದಾಟುವ ಮೊದಲೇ ರಿಂಗು, ಬೇರಿಂಗು ಬದಲಿಸಿದ ಎಂಜಿನ್‌ಗಳು ಎಷ್ಟೆಂದು ನನ್ನ ಕೈಗಳಿಗೆ ಗೊತ್ತು. ಆಗ ಬಿಚ್ಚಿ ಕೂಡಿಸುವುದು ಅಗ್ಗವಾಗಿತ್ತು, ಅಷ್ಟೇ. ಈಗಿನವು ಹೆಚ್ಚು ಬಾಳುತ್ತವೆ, ಆದರೆ ಕೆಟ್ಟರೆ ಕೈ ಸುಡುತ್ತವೆ.

ಲೆಕ್ಕಪತ್ರ:

ದೊಡ್ಡ ಎಂಜಿನ್‌ಗಳೂ ಸಾಯುತ್ತವೆ. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ 6.2 ಲೀಟರಿನ ವಿ8 ಎಂಜಿನ್ನುಳ್ಳ ಸುಮಾರು 6 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಿತು. ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡುಗಳ ತಯಾರಿಕೆಯಲ್ಲೇ ದೋಷವಿತ್ತು. ತಪಾಸಣೆಯಲ್ಲಿ ಪಾಸಾದ ಎಂಜಿನ್‌ಗಳಿಗೆ ಕೊಟ್ಟ ಪರಿಹಾರ ಸ್ವಾರಸ್ಯಕರವಾಗಿದೆ: 0ಡಬ್ಲ್ಯು-20 ಎಣ್ಣೆಯ ಬದಲು ದಪ್ಪನೆಯ 0ಡಬ್ಲ್ಯು-40. ಅದಕ್ಕೂ ಮೊದಲು, 2015ರಲ್ಲಿ, ಹ್ಯುಂಡೈ ಅಲ್ಲಿಯೇ 2011 ಮತ್ತು 2012ರ ಮಾದರಿಯ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಕರೆದಿತ್ತು. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರುಗಳು ಎಣ್ಣೆಯ ದಾರಿಗೆ ಅಡ್ಡಬರುತ್ತಿದ್ದವು. ತಪ್ಪು ಯಾರದೆಂದು ತಿಳಿಯದೆ ಬಿಲ್ಲು ಕಟ್ಟುವ ಮುನ್ನ ನಿಮ್ಮ ಕಾರಿನ ಚಾಸಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿ, ಅದಕ್ಕೆ ಎರಡು ನಿಮಿಷ ಸಾಕು.

ನಿಧಾನಸವಾರರೇ, ಇನ್ನೊಂದು ಪ್ರಶ್ನೆ. ಎರಡನೇ ದುರಸ್ತಿಯ ಖಾತರಿ ಎಂದು ಮುಗಿಯುತ್ತದೆ?

ನಿಧಾನಸವಾರ:

ಈಗ ಬಿಲ್ಲಿನ ತಾರೀಖು ನೋಡಿದೆ, ಇನ್ನು ಒಂಬತ್ತೇ ದಿನ. ಚಾಸಿ ಸಂಖ್ಯೆ ಹಾಕಿ ನೋಡಿದೆ, ನನ್ನ ಕಾರಿಗೆ ಯಾವ ಕರೆಯೂ ಇಲ್ಲ.

ಲೆಕ್ಕಪತ್ರ:

ಹಾಗಾದರೆ ಇಂದೇ ಬರೆಯಿರಿ, ಫೋನಿನಲ್ಲಿ ಮಾತನಾಡಬೇಡಿ. ಕೂಲೆಂಟ್ ಇಳಿಯುತ್ತಿರುವುದು, ಯಾವ ತಾರೀಖಿನಂದು ಎಷ್ಟು ತುಂಬಿಸಿದಿರಿ, ಮೀಟರಿನಲ್ಲಿ ಎಷ್ಟಿತ್ತು ಎಂಬುದನ್ನೆಲ್ಲ ಇಮೇಲಿನಲ್ಲಿ ಹಾಕಿ. ಎಂಜಿನ್ ಬದಲಿಸಬೇಕು ಎನ್ನುವವರು ಯಾವ ಭಾಗ, ಯಾವ ಅಳತೆಯಿಂದ ಹಾಗೆ ಹೇಳುತ್ತಿದ್ದಾರೆ ಎಂಬುದನ್ನು ಬರಹದಲ್ಲಿ ಕೊಡಲಿ. ಬಿಚ್ಚುವಾಗ ನೀವು ಎದುರಿಗೇ ಇರುತ್ತೀರಿ, ತೆಗೆದ ಹಳೆಯ ಭಾಗಗಳು ನಿಮ್ಮವು ಎಂದೂ ಸೇರಿಸಿ.

ಗೇರ್_ನಾಲ್ಕು:

ಇಷ್ಟೆಲ್ಲ ತಲೆನೋವು ಏಕೆ? ಸೋರಿಕೆ ನಿಲ್ಲಿಸುವ ದ್ರವದ ಒಂದು ಬಾಟಲಿಯನ್ನು ರೇಡಿಯೇಟರಿಗೆ ಸುರಿದು, ಕಾರು ಮಾರಿ ಕೈತೊಳೆದುಕೊಳ್ಳಬಹುದಲ್ಲ.

ಡೀಸೆಲ್_ಪ್ರಿಯ:

ಅಂಥ ಬಾಟಲಿ ಸುರಿದ ಕಾರನ್ನು ಕೊಂಡ ಮೂರ್ಖ ನಾನೇ. ಹೀಟರಿನ ಸಣ್ಣ ಕೊಳವೆಗಳೆಲ್ಲ ಅದರಿಂದಲೇ ಕಟ್ಟಿಹೋಗಿದ್ದವು. ಮುಂದಿನವನಿಗೂ ಒಂದು ಮನೆಯಿದೆ, ಸ್ವಾಮಿ.

ನಿಧಾನಸವಾರ:

ಮಾರುವುದಾದರೆ ಇದ್ದದ್ದನ್ನು ಹೇಳಿಯೇ ಮಾರುತ್ತೇನೆ.

ಸ್ಕ್ಯಾನರ್ ತಂದೆ. ನಿಂತಲ್ಲಿ 93 ಡಿಗ್ರಿ, ಫ್ಯಾನ್ ಸರಿಯಾಗಿ ತಿರುಗುತ್ತದೆ. ನಿನ್ನೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅದೇ ಏರಿಗೆ ಹೋದೆ, ಅಂಕಿ ಓದುವುದು ಅವರ ಕೆಲಸ. 3,500 ಆರ್‌ಪಿಎಂನಲ್ಲಿ 98, 103, 108. ಮುಳ್ಳು ಮಾತ್ರ ನಡುವಿನಿಂದ ಅಲುಗಲೇ ಇಲ್ಲ! ತಕ್ಷಣ ಬದಿಗೆ ಸರಿಸಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಚಾಲೂ ಇಟ್ಟು) ಬಿಟ್ಟೆ, ಆರೇಳು ನಿಮಿಷಗಳಲ್ಲಿ 95ಕ್ಕೆ ಇಳಿಯಿತು.

ಹಳೇಸ್ಪ್ಯಾನರ್:

ನೀವು ಈಗ ಬರೆದದ್ದು ಎರಡೂ ಬಿಲ್ಲುಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ. ಫ್ಯಾನ್ ಬಿಡಿ, ಥರ್ಮೋಸ್ಟಾಟ್ ಹೊಸದು. ಉಳಿದದ್ದು ಒಳಗೆ ಕಟ್ಟಿಕೊಂಡ ರೇಡಿಯೇಟರ್, ಇಲ್ಲವೇ ವಾಟರ್ ಪಂಪ್. ಕೂಲೆಂಟ್ ತುಂಬುವ ಬಾಯಿಯ ಮುಚ್ಚಳವನ್ನೂ ಪರೀಕ್ಷಿಸಲಿ: ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಮುಚ್ಚಳ ಒಂದು ಬಾರ್ ಒತ್ತಡವನ್ನು ಹಿಡಿದಿಟ್ಟರೆ ಮಾತ್ರ ಕುದಿಯುವ ಬಿಂದು 125ರ ಆಚೆಗೆ ಹೋಗುತ್ತದೆ. ಮುಚ್ಚಳ ಸಡಿಲವಾಗಿದ್ದರೆ ನಿಮ್ಮ 108ರಲ್ಲೇ ಒಳಗೆ ಗುಳ್ಳೆ ಎದ್ದಿರುತ್ತದೆ.

ಪಂಪ್ ಸೋರುತ್ತಿಲ್ಲ, ಆದ್ದರಿಂದ ಸರಿಯಾಗಿದೆ ಎಂದು ಹೇಳಿದರೆ ಒಪ್ಪಬೇಡಿ. ಬಿಚ್ಚಿ ಕೈಗೆ ಕೊಡಿ ಎನ್ನಿ. ಬಿಚ್ಚುವ ಮೊದಲು ಕೂಲೆಂಟ್ ತೊಟ್ಟಿಯ ಬಾಯಲ್ಲಿ ನೀಲಿ ದ್ರವದ ಪರೀಕ್ಷೆಯನ್ನೂ ಮಾಡಲಿ. ಸಿಲಿಂಡರಿನ ಅನಿಲ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ.

ಕೆಂಪುದೀಪ:

ಏನಾಯಿತೆಂದು ಬರೆಯಲು ಮರೆಯಬೇಡಿ. ಉತ್ತರ ಸಿಕ್ಕ ಮೇಲೆ ಕಾಣೆಯಾಗುವವರೇ ಹೆಚ್ಚು.

ನಿಧಾನಸವಾರ:

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಅಂದೇ ಇಮೇಲ್ ಹಾಕಿದೆ. ಎರಡು ದಿನ ಮೌನ, ಮೂರನೇ ದಿನ ಬನ್ನಿ ಎಂಬ ಕರೆ ಬಂತು. ನೀಲಿ ದ್ರವ ಒಂದೇ ನಿಮಿಷದಲ್ಲಿ ಹಳದಿಯಾಯಿತು, ಅಂದರೆ ಗ್ಯಾಸ್ಕೆಟ್ ಮೂರನೇ ಸಲ ಹೋಗಿರುವುದು ನಿಜ.

ಹೆಡ್ಡು ಮೇಜಿನ ಮೇಲೆ ಬಂದಾಗ ಉಕ್ಕಿನ ಪಟ್ಟಿ ಇಟ್ಟು ಅಳೆಯಿರಿ ಎಂದೆ. ಮೂಲೆಯಿಂದ ಮೂಲೆಗೆ ಇಟ್ಟಾಗ ಫೀಲರ್ ಗೇಜಿನ 0.12 ಮಿ.ಮೀ. ಎಲೆ ನಡುವಿನಲ್ಲಿ ಸರಾಗವಾಗಿ ತೂರಿಹೋಯಿತು. ಈ ಎಂಜಿನ್ನಿನ ಮಿತಿ 0.05 ಎಂದು ಅವರದೇ ಕೈಪಿಡಿಯಲ್ಲಿದೆ. ಬ್ಲಾಕಿನ ಮೇಲ್ಮೈ ಮಿತಿಯೊಳಗೇ ಇತ್ತು.

ಆಮೇಲೆ ವಾಟರ್ ಪಂಪ್ ಬಿಚ್ಚಿಸಿದೆ. ಹೊರಗಿನಿಂದ ಒಣಗಿ ಸ್ವಚ್ಛವಾಗಿತ್ತು, ಬೇರಿಂಗಿನಲ್ಲಿ ಶಬ್ದವಿರಲಿಲ್ಲ; "ನೋಡಿ, ಇದು ಚೆನ್ನಾಗಿದೆ" ಎಂದು ಮೆಕ್ಯಾನಿಕ್ ನನ್ನ ಕೈಗಿಟ್ಟರು. ಒಳಗಿನ ಇಂಪೆಲರ್ (ಕೂಲೆಂಟನ್ನು ತಳ್ಳುವ ರೆಕ್ಕೆಚಕ್ರ) ಪ್ಲಾಸ್ಟಿಕ್ಕಿನದು. ಎಡಗೈಯಿಂದ ಪುಲಿಯನ್ನು ಗಟ್ಟಿಯಾಗಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಒಂದು ರೆಕ್ಕೆಯನ್ನು ತಳ್ಳಿದೆ, ಅದು ಶಾಫ್ಟಿನ ಮೇಲೆ ಮೆಲ್ಲಗೆ ತಿರುಗಿಬಿಟ್ಟಿತು. ನಡುವಿನ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದು ಬಿರುಕು. ಮೆಕ್ಯಾನಿಕ್ ತಾವೂ ಒಮ್ಮೆ ತಿರುಗಿಸಿ ನೋಡಿ, ಏನೂ ಹೇಳದೆ ಕನ್ನಡಕ ತೆಗೆದು ಒರೆಸಿಕೊಂಡರು.

ಮೂರು_ಸಿಲಿಂಡರ್:

ಐಡಲ್‌ನಲ್ಲಿ ಶಾಖ ಕಡಿಮೆ, ಇಂಪೆಲರ್ ಹೇಗೋ ಅಂಟಿಕೊಂಡು ತಿರುಗಿದರೂ ಸಾಕಾಗುತ್ತದೆ. ಆರ್‌ಪಿಎಂ ಏರಿದಾಗ ಎದುರಿನ ಒತ್ತಡ ಹೆಚ್ಚಿ ಅದು ಜಾರುತ್ತದೆ, ಶಾಫ್ಟ್ ಮಾತ್ರ ಸುತ್ತುತ್ತದೆ. ನಿಮ್ಮ 98, 103, 108ಕ್ಕೆ ಅದೇ ಲೆಕ್ಕ.

ವರ್ಕ್‌ಶಾಪಿನವನು:

ಸೋರದ ಪಂಪನ್ನು ನಾನೂ ಎಷ್ಟೋ ಸಲ ಹಾಗೆಯೇ ಮರಳಿ ಕೂರಿಸಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಪುಲಿ ಹಿಡಿದು ತಿರುಗಿಸಿ ನೋಡುತ್ತೇನೆ. ಹಣದ ವಿಷಯ ಏನಾಯಿತು?

ನಿಧಾನಸವಾರ:

ಖಾತರಿಯೊಳಗೆ ಬರೆದಿದ್ದರಿಂದ ಗ್ಯಾಸ್ಕೆಟ್ ಮತ್ತು ಕೂಲಿಯನ್ನು ಅವರೇ ಹೊತ್ತರು. ಹೆಡ್ ಅರೆಸಿದ್ದು, ಹೊಸ ಬೋಲ್ಟ್ ಸೆಟ್, ಲೋಹದ ಇಂಪೆಲರಿನ ಪಂಪ್, ಹೊಸ ಮುಚ್ಚಳ ನನ್ನ ಖರ್ಚು. ಎಲ್ಲ ಸೇರಿ ಮೊದಲ ಬಿಲ್ಲಿನ ಮೂರನೇ ಒಂದು ಭಾಗದಷ್ಟು. ಹಿಂದಿನ ಎರಡು ಬಿಲ್ಲುಗಳ ಬಗ್ಗೆ ಒಂದು ಮಾತೂ ಆಡಲು ಒಪ್ಪಲಿಲ್ಲ.

ಗೇರ್_ನಾಲ್ಕು:

ಗ್ರಾಹಕರ ವೇದಿಕೆಗೆ ಹೋಗಿ. ಸುಮ್ಮನೆ ಬಿಡಬೇಡಿ.

ಲೆಕ್ಕಪತ್ರ:

ಹೋಗಬಹುದು, ಆದರೆ ಮೊದಲ ಸಲವೇ ಪಂಪ್ ಹೀಗಿತ್ತೆಂದು ಸಾಧಿಸುವುದು ಕಷ್ಟ. ಎರಡನೇ ಬಿಲ್ಲಿನ ವಿಷಯದಲ್ಲಿ ನಿಮ್ಮ ಕೈ ಗಟ್ಟಿಯಾಗಿದೆ: ಹೆಡ್ಡನ್ನು ಅಳೆಯದೆ ಕೂಡಿಸಿದ್ದಾರೆ ಎಂಬುದಕ್ಕೆ 0.12 ಎಂಬ ಅಳತೆ ಇದೆ. ಅದನ್ನು ಅವರ ಜಾಬ್ ಕಾರ್ಡಿನಲ್ಲೇ ಬರೆಸಿಕೊಂಡಿರೇನು?

ನಿಧಾನಸವಾರ:

ಬರೆಸಿಕೊಂಡಿದ್ದೇನೆ. ಫೋಟೊ ಕೂಡ ಇದೆ, ಪಂಪ್ ಒಂದು ಡಬ್ಬದಲ್ಲಿ ನನ್ನ ಮೇಜಿನ ಮೇಲೆ ಕುಳಿತಿದೆ.

ನಿನ್ನೆ ಅದೇ ಏರು, ಅದೇ 3,500 ಆರ್‌ಪಿಎಂ: 94ರಿಂದ 96ರ ನಡುವೆ ನಿಂತಿತು. ಒಂದು ಸಣ್ಣ ಪ್ರಶ್ನೆ ಮಾತ್ರ ಉಳಿದಿದೆ. ಕೂಡಿಸುವಾಗ ಹೊಸ ಎಣ್ಣೆ ಹಾಕಿದ್ದಾರೆ. ಅದನ್ನು ಪೂರ್ತಿ ಅವಧಿಯವರೆಗೆ ಓಡಿಸಬಹುದೇ?

ಹಳೇಸ್ಪ್ಯಾನರ್:

ಬೇಡ. 500 ಕಿ.ಮೀ.ಗೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿ, ಹೆಡ್ ಬಿಚ್ಚುವಾಗ ಒಳಗೆ ಬಿದ್ದ ಕೂಲೆಂಟ್ ಮತ್ತು ಕೆರೆದ ಪುಡಿ ಅದರ ಜೊತೆ ಹೊರಬರಲಿ. ತೆಗೆದ ಫಿಲ್ಟರನ್ನು ಕತ್ತರಿಸಿ ಮಡಿಕೆಗಳ ನಡುವೆ ನೋಡಿ. ಹೊಳೆಯುವ ಚೂರುಗಳಿದ್ದರೆ ಫೋಟೊ ಇಲ್ಲಿ ಹಾಕಿ.